ಬೆವರುವ ಬೊಂಬೆ: ನಾಲ್ಕನೆಯ ಹಣೆ

ರೋಗಿಯನ್ನು ಪರೀಕ್ಷಿಸಲು ವಿದ್ಯಾರ್ಥಿಗಳಿಗೆ ಕಲಿಸಲೆಂದು ನಾನು ಮಾಡುತ್ತಿರುವ ಬೊಂಬೆಯ ಮೂರು ಹಣೆಗಳನ್ನು ಕಿತ್ತೆಸೆದ ಮೇಲೆ, ನಾಲ್ಕನೆಯದು ನಿನ್ನೆ ಸಂಜೆ ಎರಡೂ ಬದಿಗಳಲ್ಲಿ ಸಮನಾಗಿ ಬೆವರಿತು. ಅಚ್ಚು ಹಾಕುವುದು, ಬಣ್ಣ ಕಟ್ಟುವುದು, ನಾಡಿಯ ಮೋಟರ್ ಜೋಡಿಸುವುದು ನಿಮಗೆಲ್ಲ ಗೊತ್ತಿರುವ ಕೆಲಸಗಳೇ ಆದ್ದರಿಂದ ಅವನ್ನು ಬಿಟ್ಟು ಬೆವರಿನ ವಿಷಯವನ್ನಷ್ಟೇ ಬರೆಯುತ್ತೇನೆ.

ರಕ್ತದ ಸಕ್ಕರೆ ಕುಸಿದ ರೋಗಿಯನ್ನು ಗುರುತಿಸಲು ಕಲಿಸುವಾಗ ‘ರೋಗಿ ಬೆವರುತ್ತಿದ್ದಾನೆ’ ಎಂದು ಶಿಕ್ಷಕರೇ ಬಾಯಿಬಿಟ್ಟು ಹೇಳಿದರೆ ಅರ್ಧ ಉತ್ತರವನ್ನು ಕೈಗಿತ್ತಂತಾಗುತ್ತದೆ. ಅಲ್ಲದೆ ನಮ್ಮ ಬೊಂಬೆ ಬೀಟಾ ಬ್ಲಾಕರ್ (ಅಡ್ರಿನಲಿನ್ ಪರಿಣಾಮವನ್ನು ತಡೆದು ಎದೆಬಡಿತ ಇಳಿಸುವ ಮಾತ್ರೆ) ಸೇವಿಸುವ ರೋಗಿ. ಆ ಮಾತ್ರೆ ನಡುಕವನ್ನೂ ಎದೆಬಡಿತವನ್ನೂ ಮರೆಮಾಡಬಹುದಾದರೂ, ಬೆವರು ಗ್ರಂಥಿಗಳ ನರಗಳು ಅಸಿಟೈಲ್‌ಕೋಲಿನ್ ಎಂಬ ಬೇರೊಂದು ರಾಸಾಯನಿಕದ ಮೂಲಕ ಕೆಲಸ ಮಾಡುವುದರಿಂದ ಬೆವರನ್ನು ಅಡಗಿಸಲಾರದು. ಹಾಗಾಗಿ ಬೆವರಿಲ್ಲದ ಬೊಂಬೆಯಿಂದ ನನಗೆ ಉಪಯೋಗವಿರಲಿಲ್ಲ.

ಹಣೆಯ ಚರ್ಮದಡಿ ಪಂಪಿನ ನೀರು ಹರಿಸುವ ಸಿಲಿಕೋನ್ ಕೊಳವೆಗೆ ಸೂಜಿಯಿಂದ ಚುಚ್ಚಿದ ರಂಧ್ರಗಳು ಸೂಜಿ ಹೊರಬಂದೊಡನೆ ಮುಚ್ಚಿಕೊಂಡವು. ದಪ್ಪ ಸೂಜಿಯ ತುದಿಯನ್ನು ಸಪಾಟಾಗಿ ಉಜ್ಜಿ, ತಿರುಗಿಸುತ್ತ ಕೊರೆದು, ಚೂರನ್ನು ಹೊರತೆಗೆದ ಮೇಲಷ್ಟೇ ಅವು ಉಳಿದವು. ಆಮೇಲೆ ನೀರು ಹಣೆಯ ಮೇಲೆ ಹರಡದೆ ಮಣಿಗಳಂತೆ ಉರುಳಿಹೋಯಿತು. ಅದಕ್ಕೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಸಾಕಾಯಿತು. 2 ಮಿ.ಮೀ. ಒಳವ್ಯಾಸದ ಕೊಳವೆ ಕೇಳಿದರೆ 3 ಮಿ.ಮೀ.ನದನ್ನು ಕಳುಹಿಸಿ, ಒಂದು ಮಿಲಿಮೀಟರಿನಲ್ಲಿ ಏನು ಮಹಾ ವ್ಯತ್ಯಾಸ ಎಂದ ಮಾರಾಟಗಾರನಿಗೆ, ಅಡ್ಡಕೊಯ್ತದ ವಿಸ್ತೀರ್ಣ ಎರಡೂಕಾಲು ಪಟ್ಟಾಗುತ್ತದೆ ಎಂದು ಬರೆದೆ. ಉತ್ತರ ಇನ್ನೂ ಬಂದಿಲ್ಲ.

ಮೂರನೆಯ ಹಣೆಯಲ್ಲಿ ಪಂಪಿಗೆ ಹತ್ತಿರವಿದ್ದ ಬಲಬದಿ ತೊಯ್ದು ತೊಪ್ಪೆಯಾಯಿತು, ಎಡಬದಿ ಒಣಗಿಯೇ ಇತ್ತು. ಪ್ರಯೋಗಕ್ಕೆ ಬಂದ ವಿದ್ಯಾರ್ಥಿಗಳು ಗಂಭೀರವಾಗಿ ಸಮಾಲೋಚಿಸಿ, ಪಾರ್ಶ್ವವಾಯು ಎಂದು ತೀರ್ಮಾನಿಸಿ ಸ್ಕ್ಯಾನ್ ಕೇಳಿದರು. ನನಗೆ ನಾಚಿಕೆಯಾಯಿತು, ಆದರೆ ಸಕ್ಕರೆ ಕುಸಿದಾಗ ದೇಹದ ಒಂದು ಬದಿ ಸ್ವಾಧೀನ ತಪ್ಪಿ ಪಾರ್ಶ್ವವಾಯುವಿನಂತೆಯೇ ತೋರುವುದುಂಟು, ಆದ್ದರಿಂದಲೇ ಅಂಥ ರೋಗಿಯ ಬೆರಳನ್ನು ಮೊದಲು ಚುಚ್ಚಿ ನೋಡಬೇಕು. ಅವರು ಚುಚ್ಚಿದ್ದರೆ ಪರದೆ 100 ಮಿ.ಲೀ. ರಕ್ತಕ್ಕೆ 38 ಮಿಲಿಗ್ರಾಂ ಸಕ್ಕರೆ ತೋರಿಸುತ್ತಿತ್ತು. 54ಕ್ಕಿಂತ ಕೆಳಗೆ ಹೋಗುವುದೇ ಗಂಭೀರ ವಿಷಯ. ಈ ಪಾಠಕ್ಕೆಂದೇ ಹಾಳಾದ ಆ ಹಣೆಯನ್ನು ಕಸದಬುಟ್ಟಿಯಿಂದ ಮರಳಿ ತಂದಿದ್ದೇನೆ.

ನಾಲ್ಕನೆಯದರಲ್ಲಿ ಕೊಳವೆಯನ್ನು ಬಳೆಯಂತೆ ಬಾಗಿಸಿ ಎರಡೂ ತುದಿಗಳಿಂದ ನೀರು ತುಂಬಿಸಿದೆ, ಚರ್ಮದಡಿಯಲ್ಲಿ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಒಂದು ಪದರವನ್ನೂ ಹಾಸಿದೆ. ಇಷ್ಟು ಸರಳವಾದದ್ದಕ್ಕೆ ಐದು ವಾರ ಹಿಡಿಯಿತು.

ಮುಂದಿನದು ಚುಚ್ಚಿದರೆ ಹನಿ ಕೊಡುವ ಬೆರಳು. 100 ಮಿ.ಲೀ. ನೀರಿಗೆ 40 ಮಿಲಿಗ್ರಾಂ ಗ್ಲೂಕೋಸ್ ಬೆರೆಸಿದರೆ ಮುಗಿಯಿತೆಂದುಕೊಂಡಿದ್ದೆ. ಆದರೆ ಗ್ಲೂಕೋಮೀಟರ್ ಕೆಂಪು ರಕ್ತಕಣಗಳಿರುವ ರಕ್ತಕ್ಕೆ ಹೊಂದಿಸಿದ ಯಂತ್ರವಾದ್ದರಿಂದ ಬರಿಯ ಸಕ್ಕರೆ ನೀರಿಗೆ ಸರಿಯಾದ ಅಂಕಿ ಕೊಡುವುದಿಲ್ಲ. ಆ ತಲೆನೋವು ಮುಂದಿನ ಬರಹಕ್ಕಿರಲಿ.

ನಿನ್ನೆಯ ತಂಡ ಚೆನ್ನಾಗಿಯೇ ಮಾಡಿತು. ಎಚ್ಚರ ತಪ್ಪಿದ ರೋಗಿಯ ಬಾಯಿಗೆ ಏನನ್ನೂ ಹಾಕದೆ, 10 ಪ್ರತಿಶತದ ಡೆಕ್ಸ್‌ಟ್ರೋಸ್ ದ್ರಾವಣ 250 ಮಿ.ಲೀ., ಅಂದರೆ 25 ಗ್ರಾಂ ಗ್ಲೂಕೋಸ್, ರಕ್ತನಾಳಕ್ಕೆ ಕೊಟ್ಟರು. ನಾಳ ಸಿಗದಿದ್ದರೆ ಸಕ್ಕರೆ ಏರಿಸುವ ಹಾರ್ಮೋನ್ ಗ್ಲೂಕಗಾನ್ 1 ಮಿಲಿಗ್ರಾಂ ಸ್ನಾಯುವಿಗೆ ಎಂಬುದನ್ನೂ ಹೇಳಿದರು. ಪಂಪ್ ನಿಂತಿತು, ಒಬ್ಬಳು ಹಣೆ ಒರೆಸಿದಳು. ಆದರೆ ರೋಗಿಯ ಚೀಟಿಯಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬ ಮಧುಮೇಹದ ಮಾತ್ರೆಯ ಹೆಸರೂ ಇತ್ತು. ಆ ಮಾತ್ರೆಯ ಪರಿಣಾಮ ಗಂಟೆಗಟ್ಟಲೆ ಉಳಿದು ಸಕ್ಕರೆಯನ್ನು ಮತ್ತೆ ಇಳಿಸಬಲ್ಲದಾದ್ದರಿಂದ, ಇಪ್ಪತ್ತು ನಿಮಿಷದ ನಂತರ ಪಂಪ್ ಪುನಃ ಓಡುವಂತೆ ನಾನು ಬರೆದಿಟ್ಟಿದ್ದೆ. ಹಣೆ ಎರಡನೆಯ ಸಲ ಒದ್ದೆಯಾದಾಗ ತಂಡ ಕೈಗವಸು ಕಳಚಿ ಮೆಟ್ಟಿಲಿಳಿಯುತ್ತಿತ್ತು.