ಐದು ಬಾರಿ ಮರಳಿದ ಕಂತು

ನಾನು ಪಾಠ ಮಾಡುವ ಖಾಸಗಿ ಪದವಿಪೂರ್ವ ಕಾಲೇಜಿನವರು 2025ರ ಏಪ್ರಿಲ್ ಮತ್ತು ಮೇ ತಿಂಗಳ ಸಂಬಳವನ್ನು ಅಡ್ಮಿಷನ್ ಮುಗಿದ ಮೇಲೆ ಕೊಡುವುದಾಗಿ ಹೇಳಿ ತಡೆಹಿಡಿದಿದ್ದರಿಂದ ನನ್ನ ವೈಯಕ್ತಿಕ ಸಾಲದ ಎರಡು ಕಂತುಗಳು ತಪ್ಪಿದವು. ಊರಿನ ಮನೆಯ ಮಾಡು ರಿಪೇರಿಗೆಂದು ಹಿಂದಿನ ನವೆಂಬರ್‌ನಲ್ಲಿ ಫೈನಾನ್ಸ್ ಕಂಪನಿಯೊಂದರಿಂದ ಪಡೆದ 2 ಲಕ್ಷ ರೂಪಾಯಿ ಸಾಲವದು; ಬಡ್ಡಿ ಶೇ. 15, ಅವಧಿ 36 ತಿಂಗಳು, ಕಂತು 6,933 ರೂಪಾಯಿ. ಎರಡು ಕಂತಿಗೆ 13,866, ಜೊತೆಗೆ ಸುಸ್ತಿ ಬಡ್ಡಿಯೆಂದು ಐನೂರೋ ಆರುನೂರೋ ಸೇರೀತೆಂದು ಎಣಿಸಿ, ಜೂನ್ ಮೂರನೆಯ ವಾರ ಸಂಬಳ ಕೈಗೆ ಬಂದ ಮರುದಿನವೇ 14,500 ರೂಪಾಯಿ ಹಿಡಿದು ಶಾಖೆಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಹೇಳಿದ ಬಾಕಿ 18,732.

ವಿವರ ಮುದ್ರಿಸಿಕೊಡುವಂತೆ ಕೇಳಿದೆ. ದಂಡ ಶುಲ್ಕ 624, ಅದರ ಮೇಲೆ ಜಿಎಸ್‌ಟಿ 112, ವಸೂಲಿಗೆ ಮನೆಗೆ ಬಂದ ಖರ್ಚು 1,180, ಖಾತೆಯಲ್ಲಿ ಹಣವಿಲ್ಲದೆ ಕಂತು ಮರಳಿದ್ದಕ್ಕೆ ಬೌನ್ಸ್ ಚಾರ್ಜ್ 590ರಂತೆ ಐದು ಬಾರಿ, ಒಟ್ಟು 2,950. ತಪ್ಪಿದ್ದು ಎರಡು ಕಂತು, ಬೌನ್ಸ್ ಆದದ್ದು ಐದು ಸಲ! ಮೇ 5ರಂದು ಹಣ ಸಿಗದೆ ಹೋದಾಗ 8ರಂದು, ಮತ್ತೆ 12ರಂದು, ಜೂನ್‌ನಲ್ಲಿ 5 ಮತ್ತು 9ರಂದು ಕಂತಿಗಾಗಿ ಕಂಪನಿಯವರು ನನ್ನ ಖಾತೆಯ ಬಾಗಿಲು ತಟ್ಟಿದ್ದರು. ಅಷ್ಟೇ ಅಲ್ಲ, ಸಂಬಳದ ಖಾತೆಯಿರುವ ಬ್ಯಾಂಕಿನವರೂ ಪ್ರತಿ ಸಲಕ್ಕೆ 295 ರೂಪಾಯಿ ತಮ್ಮ ಲೆಕ್ಕಕ್ಕೆ ಬರೆದುಕೊಂಡಿದ್ದರು. ಮೇ ಕೊನೆಯಲ್ಲಿ ದಿನಸಿಗೆಂದು ತಮ್ಮ ಕಳಿಸಿದ ಮೂರು ಸಾವಿರದಲ್ಲಿ 885 ರೂಪಾಯಿ ಬಂದ ಗಳಿಗೆಯಲ್ಲೇ ಏಕೆ ಮಾಯವಾಯಿತೆಂಬುದು, ಪಾಸ್‌ಬುಕ್ಕಿನ ಆ ಮೂರು ಸಾಲುಗಳನ್ನು ಬೆರಳಿಟ್ಟು ಓದಿದಾಗಲೇ ನನಗೆ ತಿಳಿದದ್ದು.

ಕಂತಿನ ಹಣವನ್ನು ಅಂದೇ ಕಟ್ಟಿ, ಅದನ್ನು ಕಂತಿಗೇ ಜಮಾ ಮಾಡಬೇಕೆಂದು ಬರೆದುಕೊಟ್ಟು ರಸೀದಿ ಪಡೆದೆ. ರಾತ್ರಿ ಸಾಲದ ಕಾಗದಗಳನ್ನು ಹರಡಿಕೊಂಡು ಕೂತಾಗ, ಸಹಿ ಹಾಕುವ ದಿನ ಕಣ್ಣೆತ್ತಿಯೂ ನೋಡಿರದ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ, ಸಾಲದ ಬಡ್ಡಿ, ಶುಲ್ಕಗಳ ಮುಖ್ಯ ವಿವರವಿರುವ ಹಾಳೆ ಸಿಕ್ಕಿತು. (ಇಂಗ್ಲಿಷ್ ವ್ಯಾಕರಣ ಪಾಠ ಮಾಡುವವನ ಅವಸ್ಥೆ ಇದು.) ಅದರಲ್ಲಿ ಬೌನ್ಸ್ ಚಾರ್ಜ್ ‘ಪ್ರತಿ ಬಾರಿಗೆ’ ಎಂದು ಸ್ಪಷ್ಟವಾಗಿಯೇ ಇತ್ತು, ಅಲ್ಲಿ ನನಗೆ ಮಾತಿಲ್ಲ. ಮನೆಭೇಟಿಯ ಶುಲ್ಕದ ಸುಳಿವು ಮಾತ್ರ ಎಲ್ಲಿಯೂ ಇರಲಿಲ್ಲ, ಮನೆಗೆ ಯಾರೂ ಬಂದೂ ಇರಲಿಲ್ಲ. ಆ ಹಾಳೆಯಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಿಧಿಸುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನ ಸುತ್ತೋಲೆಯಲ್ಲಿ ಹೇಳಿದೆ. ದಂಡ ಶುಲ್ಕಕ್ಕೆ ಜಿಎಸ್‌ಟಿ ಇಲ್ಲವೆಂಬ ಸ್ಪಷ್ಟನೆಯೂ 2025ರ ಜನವರಿಯಲ್ಲೇ ಬಂದಿತ್ತು.

ಇವೆರಡನ್ನೂ ಉಲ್ಲೇಖಿಸಿ, ಭೇಟಿಯ ದಿನಾಂಕ ಮತ್ತು ಬಂದವರ ಹೆಸರು ಕೇಳಿ, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡುವುದಾಗಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳಿಸಿದೆ. ಹತ್ತೊಂಬತ್ತನೆಯ ದಿನ 1,292 ರೂಪಾಯಿ ಕೈಬಿಟ್ಟಿರುವುದಾಗಿ ಒಂದೇ ಸಾಲಿನ ಉತ್ತರ ಬಂತು. ಕಾರಣವೂ ಇಲ್ಲ, ವಿಷಾದವೂ ಇಲ್ಲ. ಉಳಿದ 3,574 ರೂಪಾಯಿಯನ್ನು ಮರುಮಾತಾಡದೆ ಕಟ್ಟಿದೆ.

ನನ್ನ ಬ್ಯಾಂಕು ಕತ್ತರಿಸಿದ 1,475 ರೂಪಾಯಿಯ ವಿಚಾರ ಕೇಳಹೋದಾಗ ಮ್ಯಾನೇಜರ್, “ಅದು ಸಿಸ್ಟಮ್ಮೇ ಕಟ್ ಮಾಡೋದು ಸಾರ್, ನಮ್ಮ ಕೈಲಿ ಏನಿಲ್ಲ. ಕಂತಿನ ತಾರೀಖಿಗೆ ಮೊದಲೇ ಫೈನಾನ್ಸ್‌ನವರಿಗೊಂದು ಮಾತು ಹೇಳಿದ್ರೆ ಮತ್ತೆ ಮತ್ತೆ ಕಳಿಸ್ತಿರಲಿಲ್ಲವೇನೋ” ಎಂದು ಪಾಸ್‌ಬುಕ್ಕನ್ನು ಮೃದುವಾಗಿ ನನ್ನ ಕಡೆ ಸರಿಸಿದರು.