ಕಲೆಮೆಗ್ದಾನ್‌ನಲ್ಲಿ ಪದಕ ತಿರುಗಿಸಿ ನೋಡಿದ ದಿನ

ಪದಕ ಕೈಗೆ ಸಿಕ್ಕರೆ ನಾನು ಮೊದಲು ನೋಡುವುದು ಅದರ ಅಂಚು, ಆಮೇಲೆ ಬೆನ್ನು. ಇದು ಕೊಡಗಿನ ನಮ್ಮ ಮನೆಯಲ್ಲಿ ಬಂದ ಅಭ್ಯಾಸ. ತಾತ ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆ ಇದ್ದರು. ಅವರ ಬರ್ಮಾ ಸ್ಟಾರ್ ಪದಕದ ಹಿಂದೆ ಸೈನ್ಯದ ನಂಬರು, ಹೆಸರು ಎರಡೂ ಕೊರೆದಿವೆ. ಅದೇ ಯುದ್ಧದ ಸ್ಟಾರ್‌ಗಳನ್ನು ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟರು, ಭಾರತೀಯರಿಗೆ ಹೆಸರು ಹಾಕಿ ಕೊಟ್ಟರು. ಹಾಗಾಗಿ ನಮ್ಮ ಕಡೆಯ ಪದಕ ಗುಜರಿಗೆ ಹೋಗಿ ಬಿದ್ದರೂ ಅದು ಯಾರದ್ದು ಅಂತ ಹುಡುಕಬಹುದು.

ಬಾಲ್ಕನ್ ಪದಕಗಳ ಹುಚ್ಚು ಹಿಡಿದಿದ್ದು ಕೆಲಸದ ಮೇಲೆ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ಗೆ ಹೋದಾಗ. ಒಂದು ಭಾನುವಾರ ಕಲೆಮೆಗ್ದಾನ್ ಕೋಟೆಯಲ್ಲಿರುವ ಮಿಲಿಟರಿ ಮ್ಯೂಸಿಯಂ ನೋಡಿ ಹೊರಗೆ ಬಂದೆ. ಉದ್ಯಾನದ ದಾರಿಯಲ್ಲಿ ಹಳೇ ಸಾಮಾನು ಮಾರುವವರು ಸಾಲಾಗಿ ಕೂತಿದ್ದರು. 1993ರ ಹಣದುಬ್ಬರದ ಕಾಲದ 50,000 ಕೋಟಿ ದಿನಾರ್ ನೋಟು, ಯುಗೊಸ್ಲಾವಿಯಾದ ನಾಯಕ ಟಿಟೋ ಮುಖದ ಬ್ಯಾಡ್ಜು, ಕೆಂಪು ನಕ್ಷತ್ರದ ಟೋಪಿ. ಒಬ್ಬ ವಯಸ್ಸಾದವರ ಮೇಜಿನ ಮೇಲೆ ಮಾತ್ರ ಬರೀ ಪದಕಗಳು. ಒಂದನ್ನು ಎತ್ತಿ ತಿರುಗಿಸಿದೆ. ಅದನ್ನು ನೋಡಿ ಅವರಿಗೆ ಖುಷಿಯಾಯಿತು. "ಎಲ್ಲರೂ ಮುಂದುಗಡೆ ನೋಡಿ ರೇಟು ಕೇಳ್ತಾರೆ, ಕೂತ್ಕೊಳ್ಳಿ" ಅಂದರು. ಇಂಗ್ಲಿಷ್ ಅವರಿಗೆ ಸಾಕಷ್ಟು ಬರುತ್ತಿತ್ತು.

ಮೊದಲು, ಸರ್ಬಿಯಾ ಸೇರಿದ್ದ ಹಳೇ ಯುಗೊಸ್ಲಾವಿಯಾ ಕಾಲದ ಎರಡು ಬ್ಯಾಡ್ಜ್ ಕೊಟ್ಟು "ಪಂಜು ಎಣಿಸಿ" ಅಂದರು. ದೇಶದ ಲಾಂಛನದಲ್ಲಿ ಉರಿಯುವ ಪಂಜುಗಳಿವೆ. ಒಂದರಲ್ಲಿ ಐದು, ಇನ್ನೊಂದರಲ್ಲಿ ಆರು. 1963ರಲ್ಲಿ ಆರನೆಯದು ಸೇರಿತು. ಐದಿದ್ದರೆ ಆ ವಿನ್ಯಾಸ ಅದಕ್ಕೂ ಹಳೆಯದು. ಎಷ್ಟು ಸುಲಭ ಅಲ್ವಾ? ಎರಡನೇ ಮಹಾಯುದ್ಧದಲ್ಲಿ ಟಿಟೋ ಕಡೆ ಹೋರಾಡಿದ ಪಾರ್ಟಿಸಾನ್ ಪಡೆಯ ಪದಕಗಳಿಗೆ ಮಾತ್ರ ಬೆನ್ನೇ ಗತಿ. ಯುದ್ಧ ಮುಗಿದ ಹೊಸತರಲ್ಲಿ ಅವು ಮಾಸ್ಕೋ ಟಂಕಸಾಲೆಯಲ್ಲಿ ತಯಾರಾದವು. ಹಿಂದೆ ಸ್ಕ್ರೂ, ಅದಕ್ಕೊಂದು ದುಂಡನೆಯ ನಟ್. ಆಮೇಲೆ ಝಾಗ್ರೆಬ್‌ನ ಇಕೋಮ್ ಕಾರ್ಖಾನೆ ಮಾಡತೊಡಗಿತು, ಆ ಹೆಸರಿನ ಮುದ್ರೆಯೂ ಬಂತು. ನಕಲಿ ಹಿಡಿಯುವುದನ್ನೂ ತೋರಿಸಿದರು. ಅಚ್ಚೊತ್ತಿದ ಅಕ್ಷರದ ಅಂಚು ಚೂಪಾಗಿರುತ್ತದೆ. ಎರಕ ಹೊಯ್ದಿದ್ದರೆ ಅಕ್ಷರ ಮೆತ್ತಗೆ ಕರಗಿದ ಹಾಗೆ ಕಾಣುತ್ತದೆ, ಲೆನ್ಸ್ ಇಟ್ಟರೆ ಸಣ್ಣ ಸಣ್ಣ ತೂತು.

ಕೊನೆಗೆ ಬಟ್ಟೆ ಬಿಚ್ಚಿ ಒಂದು ಪದಕ ಅಂಗೈ ಮೇಲಿಟ್ಟರು. ಕಿರೀಟ ತೊಟ್ಟ ಎರಡು ತಲೆಯ ಹದ್ದು. ಗಂಡಭೇರುಂಡ ನೋಡಿ ಬೆಳೆದ ನನ್ನ ಕಣ್ಣು ಅಲ್ಲೇ ನಿಂತಿತು. ಹದ್ದಿನ ಎದೆ ಮೇಲೆ ಸರ್ಬಿಯಾದ ಯುವರಾಜ ಅಲೆಕ್ಸಾಂಡರ್‌ನ ಮುಖ, ಸುತ್ತ ಸಿರಿಲಿಕ್‌ನಲ್ಲಿ "ತನ್ನ ಯುದ್ಧದ ಸಂಗಾತಿಗಳಿಗೆ". ತ್ರಿಕೋನವಾಗಿ ಮಡಚಿದ ಹಸಿರು ರಿಬ್ಬನ್, ಎರಡೂ ಅಂಚಿಗೆ ಕಪ್ಪು. ಹಿಂದೆ "ತಾಯ್ನಾಡಿಗೆ ತೋರಿದ ನಿಷ್ಠೆಗಾಗಿ, 1915".

ಇದು ಅಲ್ಬೇನಿಯನ್ ಸ್ಮರಣ ಪದಕ. 1915ರ ಅಕ್ಟೋಬರ್‌ನಲ್ಲಿ ಜರ್ಮನಿ, ಆಸ್ಟ್ರಿಯಾ-ಹಂಗೇರಿ, ಬಲ್ಗೇರಿಯಾ ಮೂರೂ ಸರ್ಬಿಯಾ ಮೇಲೆ ಬಿದ್ದವು. ಸರ್ಬಿಯಾದ ಸೈನ್ಯ ಶರಣಾಗಲಿಲ್ಲ. ಚಳಿಗಾಲದ ಹಿಮದಲ್ಲಿ ಅಲ್ಬೇನಿಯಾದ ಬೆಟ್ಟ ಹತ್ತಿ ಸಮುದ್ರದ ಕಡೆ ನಡೆಯಿತು. ಜೊತೆಗೆ ಹೆಂಗಸರು, ಮಕ್ಕಳು. 71 ವರ್ಷದ ರಾಜ ಪೀಟರ್ ಕೂಡ ಎತ್ತಿನ ಗಾಡಿಯಲ್ಲಿ ಹೊರಟ. ಹಸಿವು, ಚಳಿ, ಟೈಫಸ್ ಜ್ವರಕ್ಕೆ ದಾರಿಯುದ್ದಕ್ಕೂ ಜನ ಸತ್ತರು. ಬದುಕಿದವರನ್ನು ಹಡಗುಗಳು ಗ್ರೀಸಿನ ಕೊರ್ಫು ದ್ವೀಪಕ್ಕೆ ಮುಟ್ಟಿಸಿದವು. ಅದರ ಪಕ್ಕದ ಪುಟ್ಟ ವಿದೋ ದ್ವೀಪದಲ್ಲೂ ಸಾವು ನಿಲ್ಲಲಿಲ್ಲ. ಹೂಳಲು ಜಾಗ ಸಾಲದೆ ಸಾವಿರಾರು ಹೆಣಗಳನ್ನು ಕಡಲಿಗೆ ಇಳಿಸಿದರು. ಸರ್ಬರು ಆ ಕಡಲನ್ನು ಇಂದಿಗೂ ನೀಲಿ ಸಮಾಧಿ ಅನ್ನುತ್ತಾರೆ. ಉಳಿದವರು ಚೇತರಿಸಿಕೊಂಡು ಗ್ರೀಸಿನ ಸಲೋನಿಕಾ ರಣರಂಗಕ್ಕೆ ಹೋದರು, 1918ರಲ್ಲಿ ಗೆದ್ದು ಊರಿಗೆ ಮರಳಿದರು. 1920ರಲ್ಲಿ ಅವರಿಗಾಗಿ ಈ ಪದಕ ಹುಟ್ಟಿತು.

ಅಂಚು, ಬೆನ್ನು ಎಲ್ಲ ಹುಡುಕಿದೆ. ಹೆಸರಿಲ್ಲ. "ಇಲ್ಲಿ ಹೆಸರು ಕೊರೆಯುವ ಪದ್ಧತಿ ಇರಲಿಲ್ಲ. ಹೆಸರು ಇರೋದು ಕಾಗದದಲ್ಲಿ" ಅಂದರು. ಪದಕದ ಜೊತೆ ಕೊಟ್ಟ ಪತ್ರ ಕಳೆದುಹೋದರೆ ಆ ಮನುಷ್ಯನೂ ಕಳೆದುಹೋದ ಹಾಗೆ. ಮೇಜಿನ ಮೇಲಿದ್ದ ಅಷ್ಟೂ ಪದಕಗಳನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಹಿಮದಲ್ಲಿ ನಡೆದು ಬಂದವನ ಊರು ಯಾವುದು, ಮನೆಯಲ್ಲಿ ಯಾರಿದ್ದರು, ಒಂದೂ ಗೊತ್ತಾಗುವುದಿಲ್ಲ.

ಅವರು ಮಿಲುಂಕಾ ಸಾವಿಚ್ ಮಾತು ತೆಗೆದರು. ಗಂಡಸಿನ ವೇಷದಲ್ಲಿ ಬಾಲ್ಕನ್ ಯುದ್ಧಕ್ಕೆ ಸೇರಿದ ಹೆಣ್ಣುಮಗಳು. ಸರ್ಬಿಯಾದ ಕತ್ತಿಗಳಿರುವ ಕಾರಾಜೋರ್ಜೆ ನಕ್ಷತ್ರ ಪದಕ, ಫ್ರಾನ್ಸಿನ ಲೀಜನ್ ಆಫ್ ಆನರ್, ಎಲ್ಲ ಬಂದಿದ್ದವು. ಅಷ್ಟೆಲ್ಲ ಇದ್ದೂ ಆಕೆ ಬೆಲ್‌ಗ್ರೇಡಿನ ಬ್ಯಾಂಕೊಂದರಲ್ಲಿ ಕಸ ಗುಡಿಸಿ ಬದುಕಿದರು. 1973ರಲ್ಲಿ ತೀರಿಕೊಂಡರು. ಗಣ್ಯರ ಸ್ಮಶಾನ ಭಾಗಕ್ಕೆ ಅವರ ಅವಶೇಷ ಸೇರಿದ್ದು 2013ರಲ್ಲಿ. ಹೆಸರು ಉಳಿದ ಆಕೆಯ ಪಾಡೇ ಹೀಗಾದರೆ, ಹೆಸರೂ ಉಳಿಯದವರ ಬಗ್ಗೆ ಏನು ಹೇಳುವುದು?

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ. ಪತ್ರದ ಜೊತೆಗಿದ್ದ ಇನ್ನೊಂದು ಹದ್ದಿನ ಪದಕ ತೋರಿಸಿ, "ಕಾಗದ ಬೇಡ, ಪದಕ ಮಾತ್ರ ಕೊಡಿ" ಅಂದ. ರೇಟು ಏರಿಸಿದರೂ ಅವರು ಒಪ್ಪಲಿಲ್ಲ. ಅವನು ಹೋದ ಮೇಲೆ ಎರಡನ್ನೂ ಒಟ್ಟಿಗೆ ನಾನು ತೆಗೆದುಕೊಂಡೆ. ಬೇರೆ ಮಾಡುವುದಿಲ್ಲ ಅಂತ ಮಾತು ಕೊಟ್ಟೇ ತೆಗೆದುಕೊಂಡೆ.

ಪತ್ರದಲ್ಲಿ ಅಚ್ಚಾದದ್ದನ್ನು ಓದಬಲ್ಲೆ. ಶಾಯಿಯಲ್ಲಿ ಬರೆದದ್ದು ಕಷ್ಟ, ಸಿರಿಲಿಕ್ ಕೈಬರಹವೇ ಬೇರೆ ಥರ. ಸಂಜೆ ಹೊತ್ತು ಕೂತು ಅದನ್ನು ಕಲಿಯುತ್ತಿದ್ದೇನೆ. ಹೆಸರು ಓದಿದ್ದಾಯಿತು, ರೆಜಿಮೆಂಟೂ ಗೊತ್ತಾಯಿತು. ಊರಿನ ಹೆಸರಲ್ಲಿ ಮಡಿಕೆ ಬಿದ್ದ ಕಡೆ ಒಂದೆರಡು ಅಕ್ಷರ ಇನ್ನೂ ಬಾಕಿ.