‘ಇನ್ನೊಂದ್ಸಲ ಕೆಮ್ಮಿ’

ಮಂಗಳವಾರದಿಂದ ಕಿವಿಯಲ್ಲಿ ಒಂದೇ ಮಾತು. "ಕೆಮ್ಮಿ. ಇನ್ನೊಂದ್ಸಲ ಕೆಮ್ಮಿ."

ನಿಂತರೆ ಬರುವ, ಮಲಗಿದರೆ ಮಾಯವಾಗುವ ಗಂಟು, ತೊಡೆಸಂದಿನಲ್ಲಿ. ಆರು ತಿಂಗಳು ಯಾರಿಗೂ ಹೇಳಿರಲಿಲ್ಲ. ಸರ್ಜನ್ ಅಲ್ಲಿ ಎರಡು ಬೆರಳಿಟ್ಟು ಕೆಮ್ಮಿ ಎಂದರು. ನಾಚಿಕೆಯಿಂದ ಗಂಟಲಲ್ಲೇ ಕೆಮ್ಮಿದೆ. "ಅದು ಸಭೇಲಿ ಕೆಮ್ಮೋದು. ಹೊಟ್ಟೆಯಿಂದ ಕೆಮ್ಮಿ." ಕೆಮ್ಮಿದೆ. ಒಳಗಿನಿಂದ ಏನೋ ಬಂದು ಅವರ ಬೆರಳಿಗೆ ಗುದ್ದಿದ್ದು ನನಗೂ ಗೊತ್ತಾಯಿತು. "ಹರ್ನಿಯಾ" ಎಂದರು, ಬಸ್ಸು ಬಂತು ಎನ್ನುವ ಹಾಗೆ. ಹೊಟ್ಟೆಯ ಗೋಡೆಯ ತೂತಿನಿಂದ ಒಳಗಿನದು ಹೊರಕ್ಕೆ ಉಬ್ಬೋದು. ಪಕ್ಕದಲ್ಲಿದ್ದ ವಿದ್ಯಾರ್ಥಿ ಗಂಟನ್ನೇ ನೋಡುತ್ತಿದ್ದ, ನನ್ನ ಮುಖ ಒಮ್ಮೆಯೂ ನೋಡಲಿಲ್ಲ. ಅವನು ಕಲಿಯೋದು ಇನ್ನೂ ಇದೆ.

"ಕೈ ಜೇಬಿಗೆ ಹಾಕಿ" ಎಂದರು ಸರ್ಜನ್. ಬೆರಳು ಓರೆಯಾಗಿ ಇಳಿದ ದಿಕ್ಕಿನಲ್ಲೇ ಪಕ್ಕೆಯ ಹೊರಗಿನ ಸ್ನಾಯುವಿನ ಎಳೆಗಳೂ ಇಳಿಯುತ್ತವಂತೆ. ಅದರ ಕೆಳಗಿನ ಪದರದ್ದು ತದ್ವಿರುದ್ಧ ಓರೆ. ಮೂರನೆಯದು ಬೆಲ್ಟಿನ ಹಾಗೆ ಅಡ್ಡ. ಪ್ಲೈವುಡ್ಡಿನದೇ ಲೆಕ್ಕ, ಅಲ್ವಾ? ಹೊಟ್ಟೆ ಎಂದರೆ ಒಂದು ಚೀಲ ಅಂತ ಇಷ್ಟು ವರ್ಷ ಸುಮ್ನೆ ನಂಬಿದ್ದೆ.

ಇಷ್ಟು ಗಟ್ಟಿ ಗೋಡೆಯಲ್ಲಿ ತೂತು ಎಲ್ಲಿಂದ ಬಂತು? ಗಂಡು ಭ್ರೂಣದಲ್ಲಿ ವೃಷಣಗಳು ಹುಟ್ಟುವುದು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ. ಆಮೇಲೆ ಗೋಡೆ ದಾಟಿ ಕೆಳಗಿಳಿಯುತ್ತವೆ. ಆ ದಾರಿ ಸುಮಾರು 4 ಸೆಂಟಿಮೀಟರ್ ಉದ್ದದ ಓರೆ ಕಾಲುವೆಯಾಗಿ ಉಳಿಯುತ್ತದೆ. ಓರೆಯಾಗಿರುವುದೇ ಜಾಣತನ. ಕೆಮ್ಮಿದಾಗ ಹಿಂದಿನ ಗೋಡೆ ಮುಂದಿನದಕ್ಕೆ ಒತ್ತಿಕೊಂಡು ದಾರಿ ಮುಚ್ಚುತ್ತದೆ. ನನ್ನದು ಮುಚ್ಚುತ್ತಿಲ್ಲ.

ಭಾವಮೈದನಿಗೆ ಫೋನಿನಲ್ಲಿ ಹೇಳಿದೆ. "ನನ್ ಥರ ವ್ಯಾಯಾಮ ಮಾಡಿದ್ರೆ ಬರ್ತಿರ್ಲಿಲ್ಲ ಭಾವ" ಎಂದ. ಅವನ ಸಿಕ್ಸ್ ಪ್ಯಾಕ್ ನಿಜಕ್ಕೂ ಮಧ್ಯದ ಬಿಳಿ ಗೆರೆಯ ಎರಡು ಪಕ್ಕಕ್ಕೆ ಒಂದೊಂದು ಉದ್ದ ಸ್ನಾಯು. ನಡುವೆ ಹಾದ ಅಡ್ಡಪಟ್ಟಿಗಳು ಅವನ್ನು ತುಂಡು ತುಂಡಾಗಿ ಕಾಣಿಸುತ್ತವೆ. ಪಟ್ಟಿ ಎಷ್ಟು ಎನ್ನುವುದು ಹುಟ್ಟಿನಿಂದಲೇ ಬಂದದ್ದು, ಅವನ ಸಾಧನೆ ಅಲ್ಲ. ಹೇಳಲಿಲ್ಲ, ನೊಂದುಕೊಳ್ಳುತ್ತಾನೆ. ಅದೇ ಗೋಡೆಯ ಮೇಲ್ಭಾಗ ಅಂಗಿ ಎತ್ತಿ ತೋರಿಸೋಕೆ, ಕೆಳಭಾಗ ಆರು ತಿಂಗಳು ಮುಚ್ಚಿಡೋಕೆ. ಗಂಡಸರ ಬುದ್ಧಿ. ನಕ್ಕಾಗ, ಸೀನಿದಾಗ, ಮಗು ಎತ್ತಿದಾಗ, ತಿಣುಕಿದಾಗ ಕರುಳು ಹೊರಬರದಂತೆ ತಡೆದ ಗೋಡೆಯನ್ನು ನಾನು ನೆನೆದದ್ದು ಅದು ಸೋತ ಮೇಲೆ.

ನಿನ್ನೆ ರಾತ್ರಿ ಕತ್ತಲಲ್ಲಿ ಅಲ್ಲಿ ಕೈಯಿಟ್ಟುಕೊಂಡು ಮತ್ತೆ ಕೆಮ್ಮಿ ನೋಡಿದೆ.

"ಏನ್ರೀ, ಕೆಮ್ಮು ಯಾವಾಗಿಂದ?" ಎಂದಳು ಹೆಂಡತಿ. ದೀಪ ಹಾಕಿ ಎದ್ದು ಕೂತೆ.